ಡೇಟಾ ಶೀಟ್ ಮೊದಲು, ಕ್ಯಾಟಲಾಗ್ ಆಮೇಲೆ

ಕಾರ್ಖಾನೆಯ ಅಳತೆ, ನಿಯಂತ್ರಣ ಉಪಕರಣದ ವಿವರಪಟ್ಟಿಯಾದ ಇನ್‌ಸ್ಟ್ರುಮೆಂಟ್ ಡೇಟಾ ಶೀಟ್ ಸಿದ್ಧಪಡಿಸುವಾಗ ತಯಾರಕರ ಕ್ಯಾಟಲಾಗನ್ನು ನಾನು ಪಕ್ಕಕ್ಕಿಟ್ಟೇ ಕೆಲಸ ಆರಂಭಿಸುತ್ತೇನೆ. ಒಂದು ಮಾಡೆಲ್ ಮನಸ್ಸಿನಲ್ಲಿ ಕುಳಿತರೆ, ಪ್ರೋಸೆಸ್ ಅಂಕಿಗಳನ್ನು (ಹರಿವು, ಒತ್ತಡದಂಥವು) ಅದಕ್ಕೆ ಹೊಂದುವಂತೆ ಓದುವ ಚಪಲ ಹುಟ್ಟುತ್ತದೆ. ಇಂಥ ಶೀಟುಗಳಿಗೆಂದೇ ಇರುವ ಐಎಸ್‌ಎ-20 ನಮೂನೆಯನ್ನು ಎದುರಿಗಿಟ್ಟುಕೊಂಡು, ಉಪಕರಣದ ಟ್ಯಾಗ್ ನಂಬರ್, ಪೈಪಿನ ಲೈನ್ ನಂಬರ್‌ಗಳನ್ನು ಪೈಪು, ಉಪಕರಣಗಳ ನಕ್ಷೆಯಾದ ಪಿ ಆಂಡ್ ಐಡಿಯಿಂದ ಬರೆದುಕೊಂಡು, ಪ್ರೋಸೆಸ್ ವಿಭಾಗದವರು ಕೊಟ್ಟ ಮಾಹಿತಿಯತ್ತ ಹೊರಳುತ್ತೇನೆ.

ಹೆಚ್ಚು ಸಮಯ ಬೇಡುವುದು ಹರಿವನ್ನು ಹೆಚ್ಚುಕಡಿಮೆ ಮಾಡುವ ಕಂಟ್ರೋಲ್ ವಾಲ್ವ್. ಕನಿಷ್ಠ, ಸಾಮಾನ್ಯ, ಗರಿಷ್ಠ ಎಂಬ ಮೂರು ಹರಿವುಗಳಿಗೂ ವಾಲ್ವಿನ ಮುಂಚಿನ ಹಾಗೂ ನಂತರದ ಒತ್ತಡಗಳನ್ನು ಬೇರೆಬೇರೆಯಾಗಿಯೇ ಕೇಳುತ್ತೇನೆ. ಪಂಪಿನಿಂದ ಬರುವ ಲೈನಿನಲ್ಲಿ ಹರಿವು ಹೆಚ್ಚಿದಂತೆ ಪಂಪಿನ ಒತ್ತಡ ಇಳಿದು, ಪೈಪಿನಲ್ಲಾಗುವ ನಷ್ಟ ಏರಿ, ವಾಲ್ವಿಗೆ ಉಳಿಯುವ ಒತ್ತಡ ವ್ಯತ್ಯಾಸ ಕುಗ್ಗುತ್ತದೆ. ಆದ್ದರಿಂದ ಮೂರಕ್ಕೂ ಒಂದೇ ಒತ್ತಡ ಬರೆದ ಹಾಳೆಯನ್ನು ನಾನು ಹಿಂದಕ್ಕೆ ಕಳುಹಿಸುತ್ತೇನೆ. ದ್ರವವಾದರೆ ಅದರ ಆವಿ ಒತ್ತಡವೂ ಬೇಕು, ಏಕೆಂದರೆ ಅದಿಲ್ಲದೆ ಕ್ಯಾವಿಟೇಶನ್ (ಒತ್ತಡ ಕುಸಿದು ಹುಟ್ಟಿದ ಆವಿಗುಳ್ಳೆಗಳು ಒಡೆದು ವಾಲ್ವನ್ನು ಕೊರೆಯುವುದು) ಆಗುತ್ತದೆಯೋ ಇಲ್ಲವೋ ಎಂಬುದನ್ನು ಪರಿಶೀಲಿಸಲಾಗದು. ವಾಲ್ವನ್ನು ತೆರೆದು ಮುಚ್ಚುವ ಆಕ್ಚುಯೇಟರ್‌ಗಾಗಿ ಬರೆಯುವ ಶಟ್‌ಆಫ್ ಒತ್ತಡ ದಿನನಿತ್ಯದ ಒತ್ತಡ ವ್ಯತ್ಯಾಸವಲ್ಲ, ಮುಚ್ಚಿದ ವಾಲ್ವಿನ ಎದುರು ಬರಬಹುದಾದ ಗರಿಷ್ಠ ವ್ಯತ್ಯಾಸ. ಅದರ ಜೊತೆಗೆ ಆಕ್ಚುಯೇಟರನ್ನು ನಡೆಸುವ ಗಾಳಿಯ, ಅಂದರೆ ಇನ್‌ಸ್ಟ್ರುಮೆಂಟ್ ಏರ್‌ನ ಕನಿಷ್ಠ ಒತ್ತಡವನ್ನೂ ನಮೂದಿಸುತ್ತೇನೆ.

ಏಕಮಾನಗಳ ವಿಷಯದಲ್ಲಿ ನಾನು ತುಸು ಹಠಮಾರಿ. ಬರೀ 'ಬಾರ್' ಎಂದು ಬರೆದಿದ್ದರೆ ಅದು ಗೇಜ್ ಒತ್ತಡವೋ (ವಾತಾವರಣದ ಒತ್ತಡದಿಂದ ಎಣಿಸಿದ್ದು) ಅಬ್ಸಲ್ಯೂಟ್ ಒತ್ತಡವೋ (ಪೂರ್ಣ ನಿರ್ವಾತದಿಂದ ಎಣಿಸಿದ್ದು) ತಿಳಿಯದು. ಅನಿಲದ ಘನ ಮೀಟರನ್ನು 0 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕಿದ್ದಾರೆಯೇ, 15 ಡಿಗ್ರಿಗೆ ಹಾಕಿದ್ದಾರೆಯೇ ಎಂಬುದರ ಮೇಲೆಯೇ ಅಂಕಿ ಶೇಕಡ 5ಕ್ಕಿಂತ ಹೆಚ್ಚು ಬದಲಾಗುತ್ತದೆ.

ಒತ್ತಡ ಅಳೆದು ಸಂಕೇತ ಕಳುಹಿಸುವ ಪ್ರೆಶರ್ ಟ್ರಾನ್ಸ್‌ಮಿಟರ್‌ಗಳು ಬೇಗ ಮುಗಿಯುತ್ತವೆ. ಆರಿಫೈಸ್ ಪ್ಲೇಟಿನ (ಪೈಪಿನೊಳಗಿನ ರಂಧ್ರವಿರುವ ತಟ್ಟೆ) ಎರಡು ಬದಿಯ ಒತ್ತಡ ವ್ಯತ್ಯಾಸದಿಂದ ಹರಿವು ತಿಳಿಸುವ ಡಿಪಿ ಟ್ರಾನ್ಸ್‌ಮಿಟರ್ ಹಾಗಲ್ಲ: ಹರಿವು ಶೇಕಡ 30ಕ್ಕೆ ಇಳಿದಾಗ ಒತ್ತಡ ವ್ಯತ್ಯಾಸ ಶೇಕಡ 9ಕ್ಕೆ ಕುಸಿಯುವುದರಿಂದ, ಕನಿಷ್ಠ ಹರಿವನ್ನು ನೋಡದೆ ರೇಂಜ್ ನಿರ್ಧರಿಸುವಂತಿಲ್ಲ. ತಾಪಮಾನ ಸಂವೇದಕವನ್ನು ಕಾಪಾಡುವ ಕೊಳವೆಯಾದ ಥರ್ಮೋವೆಲ್‌ನ ಶೀಟಿನಲ್ಲಿ ಹರಿವಿನ ವೇಗವನ್ನೂ ಸಾಂದ್ರತೆಯನ್ನೂ ಕೊಡುತ್ತೇನೆ. ಎಎಸ್‌ಎಂಇ ಪಿಟಿಸಿ 19.3 ಟಿಡಬ್ಲ್ಯೂ ಮಾನದಂಡದ ಪ್ರಕಾರ ಹರಿವಿನಿಂದಾಗುವ ಕಂಪನದ ಲೆಕ್ಕ ಮಾಡಲು ಅವು ಬೇಕೇ ಬೇಕು.

ಅಂಕಣ ಖಾಲಿಯಿದ್ದರೆ ಓದುವವರು ಮರೆವೆಂದು ತಿಳಿದಾರು, ಆದ್ದರಿಂದ ಯಾವುದನ್ನೂ ಖಾಲಿ ಬಿಡುವುದಿಲ್ಲ. ಅನ್ವಯಿಸದಿದ್ದರೆ ಹಾಗೆಂದೇ ಬರೆಯುತ್ತೇನೆ. ಮಾಡೆಲ್ ನಂಬರ್, ನಿಖರತೆ, ತೂಕದಂಥವುಗಳ ಮುಂದೆ 'ತಯಾರಕರು ತುಂಬತಕ್ಕದ್ದು' ಎಂದಿರುತ್ತದೆ. ತಯಾರಕರಿಂದ ತುಂಬಿ ಬಂದ ಪ್ರತಿಯಲ್ಲಿ ನಾನು ಮೊದಲು ನೋಡುವುದು ಆ ಹೊಸ ಅಂಕಣಗಳನ್ನಲ್ಲ. ನಾನು ಕೊಟ್ಟ ಪ್ರೋಸೆಸ್ ಅಂಕಿಗಳಲ್ಲಿ ಯಾವುದಾದರೂ ಸದ್ದಿಲ್ಲದೆ ಬದಲಾಗಿದೆಯೇ ಎಂಬುದನ್ನು. ಹಾಗೆ ಬದಲಾಗಿದ್ದರೆ ಪ್ರೋಸೆಸ್ ವಿಭಾಗದ ಒಪ್ಪಿಗೆ ಪಡೆದು, ರಿವಿಷನ್ ನಂಬರ್ ಏರಿಸಿದ ಬಳಿಕವೇ ಶೀಟನ್ನು ಖರೀದಿ ವಿಭಾಗಕ್ಕೆ ಕೊಡುತ್ತೇನೆ.