ಸಿ ಪ್ರೋಗ್ರಾಮಿನಲ್ಲಿ ಯುಟಿಎಫ್-16 ಪಠ್ಯವನ್ನು ಯುಟಿಎಫ್-8ಕ್ಕೆ ಬದಲಿಸಿ ಮುದ್ರಿಸುವ ಬಗೆ

ಯುಟಿಎಫ್-16 ಮತ್ತು ಯುಟಿಎಫ್-8 ಎಂಬವು ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಎರಡು ಬಗೆಗಳು (ಎನ್‌ಕೋಡಿಂಗ್). ಯುಟಿಎಫ್-16ರಲ್ಲಿರುವ ಕನ್ನಡ ಪಠ್ಯವನ್ನು ಲಿನಕ್ಸ್ ಟರ್ಮಿನಲ್ಲಿನಲ್ಲಿ ಸರಿಯಾಗಿ ಮುದ್ರಿಸಲು, ಮೊದಲು ಪರಿವರ್ತನೆಯನ್ನು ಸಿದ್ಧಗೊಳಿಸುವ ಐಕಾನ್ವ್_ಓಪನ್ (iconv_open) ಫಂಕ್ಷನ್ನಿಗೆ ಎರಡು ಎನ್‌ಕೋಡಿಂಗ್ ಹೆಸರುಗಳನ್ನು ಕೊಡಬೇಕು: ಮೊದಲನೆಯದು ನಮಗೆ ಬೇಕಾದ ಯುಟಿಎಫ್-8, ಎರಡನೆಯದು ಮೂಲದ್ದು, ಈ ಕ್ರಮ ತಲೆಕೆಳಗೆಂದು ತೋರಿದರೂ ಹಾಗೆಯೇ ಇರಬೇಕು. ‘ಕನ್ನಡ’ ಎಂಬ ಪದದಲ್ಲಿ ಹಲಂತ ಚಿಹ್ನೆಯೂ ಸೇರಿ 5 ಯುನಿಕೋಡ್ ಸಂಕೇತಗಳಿದ್ದು, ಅವು 10 ಬೈಟುಗಳಿಂದ 15ಕ್ಕೆ ಬೆಳೆಯುವುದರಿಂದ, ಫಲಿತಾಂಶ ತುಂಬುವ ಔಟ್‌ಪುಟ್ ಬಫರಿಗೆ ಧಾರಾಳವಾಗಿಯೇ ಜಾಗ ಕೊಡುವುದು ಒಳ್ಳೆಯದು.

ಆಮೇಲೆ ಪಠ್ಯವನ್ನು ಬದಲಿಸಲು ಕರೆಯುವ ಐಕಾನ್ವ್ (iconv) ಫಂಕ್ಷನ್ ತಾನು ಮುಗಿಸಿದಷ್ಟೂ ಮೂಲದ ಮತ್ತು ಔಟ್‌ಪುಟ್‌ನ ಎರಡೂ ಪಾಯಿಂಟರುಗಳನ್ನು ಮುಂದಕ್ಕೆ ಸರಿಸುವುದರಿಂದ, ಔಟ್‌ಪುಟ್ ಬಫರಿನ ಆರಂಭದ ವಿಳಾಸವನ್ನು ಬೇರೆ ವೇರಿಯಬಲ್ಲಿನಲ್ಲಿ ಉಳಿಸಿಕೊಳ್ಳಬೇಕು. ಐಕಾನ್ವ್ ಮೈನಸ್ 1 ಹಿಂದಿರುಗಿಸಿದಾಗ, ದೋಷದ ಕಾರಣ ತಿಳಿಸುವ ಎರ್‌ನೋ (errno) ಮೌಲ್ಯವನ್ನು ನೋಡಬೇಕು: ಇ2ಬಿಗ್ (E2BIG) ಎಂದರೆ ಜಾಗ ಸಾಲದು, ಇಐಎಲ್‌ಎಸ್‌ಇಕ್ಯೂ (EILSEQ) ಎಂದರೆ ಮೂಲದಲ್ಲಿಯೇ ಅಮಾನ್ಯ ಬೈಟುಗಳಿವೆ. ಫಲಿತಾಂಶದ ಕೊನೆಗೆ, ಪಠ್ಯ ಮುಗಿಯಿತೆಂದು ಸೂಚಿಸುವ ಸೊನ್ನೆ ಬೈಟು ತಾನಾಗಿ ಸೇರುವುದಿಲ್ಲವಾದ್ದರಿಂದ, ಪ್ರಿಂಟ್‌ಎಫ್ (printf) ಬದಲು ಎಫ್‌ರೈಟ್ (fwrite) ಬಳಸಿ, ತುಂಬಿದಷ್ಟೇ ಬೈಟುಗಳನ್ನು ಮುದ್ರಿಸಿ, ಕೊನೆಗೆ ಐಕಾನ್ವ್_ಕ್ಲೋಸ್ (iconv_close) ಕರೆಯಬೇಕು.