ಮೊಡವೆಗೆ ಸಸ್ಯಸಾರ: ಹಚ್ಚುವ ಕ್ರಮ, ನಿಲ್ಲಿಸುವ ಹೊತ್ತು

ಮೊಡವೆಗೆಂದು ಬಳಸುವ ಸಸ್ಯಸಾರಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾಗಿರುವುದು ಆಸ್ಟ್ರೇಲಿಯಾ ಮೂಲದ ಟೀ ಟ್ರೀ ಗಿಡದ ಎಲೆಗಳಿಂದ ಭಟ್ಟಿ ಇಳಿಸಿದ ಎಣ್ಣೆ. 1990ರಲ್ಲಿ ಅಲ್ಲಿಯೇ 124 ಮಂದಿಯ ಮೇಲೆ ನಡೆದ ಪ್ರಯೋಗವೊಂದರಲ್ಲಿ ಶೇ 5ರ ಟೀ ಟ್ರೀ ಜೆಲ್ಲನ್ನು ಮೊಡವೆಗೆ ಸಾಮಾನ್ಯವಾಗಿ ಹಚ್ಚುವ ಔಷಧವಾದ ಬೆನ್ಜಾಯಿಲ್ ಪೆರಾಕ್ಸೈಡ್‌ನ ಶೇ 5ರ ಲೋಷನ್ನಿಗೆ ಹೋಲಿಸಿದಾಗ ಎರಡರಿಂದಲೂ ಮೊಡವೆ ಇಳಿಯಿತು. ಎಣ್ಣೆಯ ಪರಿಣಾಮ ನಿಧಾನವಾಗಿತ್ತು, ಉಪದ್ರವ ಕಡಿಮೆಯಿತ್ತು. ಇಲ್ಲಿ ಮರೆಯಬಾರದ ಅಂಕಿ ಶೇ 5. ಶುದ್ಧ ಎಣ್ಣೆಯನ್ನು ನೇರವಾಗಿ ಮುಖಕ್ಕೆ ಬಳಿದುಕೊಳ್ಳುವವರು ಆ ಪ್ರಯೋಗದ ಇಪ್ಪತ್ತು ಪಟ್ಟು ಸಾಂದ್ರತೆಯನ್ನು ಚರ್ಮಕ್ಕೆ ಕೊಡುತ್ತಿರುತ್ತಾರೆ.

ಮೊದಲು ಮೊಡವೆ ಯಾವ ಬಗೆಯದೆಂದು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ರೋಮಕೂಪದ ಬಾಯಿ ಜಿಡ್ಡು ಮತ್ತು ಸತ್ತ ಜೀವಕೋಶಗಳಿಂದ ಕಟ್ಟಿಕೊಂಡು, ಒಳಗೆ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚಿದಾಗ ಉರಿಯೂತ ಹುಟ್ಟುತ್ತದೆ. ಎಣ್ಣೆಯ ಮುಖ್ಯ ಘಟಕವಾದ ಟರ್ಪಿನೆನ್-4-ಓಲ್ ಈ ಬ್ಯಾಕ್ಟೀರಿಯಾ ಮತ್ತು ಉರಿಯೂತದ ಮೇಲೆ ಕೆಲಸ ಮಾಡುವುದರಿಂದ, ಸಣ್ಣ ಕೆಂಪು ಗುಳ್ಳೆಗಳಿರುವ ಸೌಮ್ಯ ಮೊಡವೆಗೆ ಅದು ಹೊಂದುತ್ತದೆ. ಆಳದಲ್ಲಿ ಗಂಟುಕಟ್ಟಿ ನೋಯುವ ಮೊಡವೆಯಾದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ಚರ್ಮವೈದ್ಯರನ್ನು ಕಾಣುವುದು ಲೇಸು. ಅಂಥ ಮೊಡವೆಯಲ್ಲಿ ಚಿಕಿತ್ಸೆ ತಡವಾದಷ್ಟೂ ಕಲೆ ಉಳಿಯುವ ಸಂಭವ ಹೆಚ್ಚು.

ಎರಡನೆಯದು ಆಯ್ಕೆ. ಮನೆಯಲ್ಲಿ ಬೆರೆಸುವುದಕ್ಕಿಂತ ಪ್ರಮಾಣ ನಮೂದಿಸಿದ ಸಿದ್ಧ ಜೆಲ್ ಮೇಲು. ಎಣ್ಣೆಯು ಲೋಳೆಸರದ ತಿರುಳಿನಲ್ಲಿ ಕರಗದೆ ಹನಿಹನಿಯಾಗಿ ಉಳಿಯುವುದರಿಂದ, ಕಲಸಿದ್ದೇನೆಂದು ನಂಬಿದವರ ಕೆನ್ನೆಗೆ ಅಲ್ಲಲ್ಲಿ ಶುದ್ಧ ಎಣ್ಣೆಯೇ ತಾಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿದರೆ ರೋಮಕೂಪ ಇನ್ನಷ್ಟು ಮುಚ್ಚಿಕೊಳ್ಳಬಹುದು. ಗಾಳಿ-ಬೆಳಕಿಗೆ ಹಳಸಿದ ಟೀ ಟ್ರೀ ಎಣ್ಣೆ ಅಲರ್ಜಿ ತರುವ ಸಾಧ್ಯತೆ ಹೆಚ್ಚಾದ್ದರಿಂದ ಹಳೆಯ ಸೀಸೆಯನ್ನು ಎಸೆಯಬೇಕು. ನಿಂಬೆರಸದ ಮಾತೇ ಬೇಡ. ಅದರ ಆಮ್ಲ ಚರ್ಮವನ್ನು ಉರಿಸುತ್ತದೆ, ಬಿಸಿಲು ತಾಗಿದರೆ ನಿಂಬೆರಸ ಕಪ್ಪು ಕಲೆಯನ್ನೂ ತರಬಲ್ಲದು.

ಮೂರನೆಯದಾಗಿ, ಹೆಚ್ಚಿನವರು ಹಾರಿಸಿಬಿಡುವ ಪರೀಕ್ಷೆ. ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಜೆಲ್ ಹಚ್ಚಿ 48 ಗಂಟೆ ಕಾಯಬೇಕು. ತುರಿಕೆ, ಕೆಂಪು, ಗುಳ್ಳೆ ಕಂಡರೆ ಆ ಸಾರ ನಿಮಗಲ್ಲ.

ಏನೂ ಆಗದಿದ್ದರೆ, ಸೌಮ್ಯ ಕ್ಲೆನ್ಸರ್‌ನಿಂದ ಮುಖ ತೊಳೆದು ಒರೆಸಿ, ಪೂರ್ತಿ ಒಣಗಿದ ಮೇಲೆ ಮೊಡವೆ ಏಳುವ ಭಾಗಕ್ಕೆಲ್ಲ ತೆಳುವಾಗಿ ಹಚ್ಚಬೇಕು. ಕಣ್ಣು, ತುಟಿಯ ಸುತ್ತ ಬೇಡ. ಮೊದಲ ವಾರ ದಿನಕ್ಕೊಮ್ಮೆ ಸಾಕು, ಸಹಿಸಿಕೊಂಡರೆ ಎರಡು ಸಲ. ಇದೇ ಹೊತ್ತಿನಲ್ಲಿ ಮೊಡವೆಗೆ ಹಚ್ಚುವ ಬೇರೆ ಔಷಧಗಳಾದ ರೆಟಿನಾಯ್ಡ್ ಅಥವಾ ಸ್ಯಾಲಿಸಿಲಿಕ್ ಆಮ್ಲವನ್ನು ಹೊಸದಾಗಿ ಆರಂಭಿಸಿದರೆ, ಉರಿ ಎದ್ದಾಗ ತಪ್ಪು ಯಾವುದರದೆಂದು ತಿಳಿಯುವುದಿಲ್ಲ. ಈ ಎಣ್ಣೆಯನ್ನು ನುಂಗಲೇಬಾರದು, ಅದು ವಿಷ. ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಫಲ ಕಾಣಲು ಆರರಿಂದ ಎಂಟು ವಾರ ಬೇಕು. ವಾರಕ್ಕೊಮ್ಮೆ ಒಂದೇ ಬೆಳಕಿನಲ್ಲಿ ಫೋಟೊ ತೆಗೆದಿಟ್ಟರೆ ಬದಲಾವಣೆ ಅಳೆಯಲು ನೆನಪಿಗಿಂತ ಅದೇ ಮೇಲು. ಹನ್ನೆರಡು ವಾರವಾದರೂ ಫೋಟೊಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ಜೆಲ್ ನಿಲ್ಲಿಸಿ, ಅವೇ ಫೋಟೊಗಳನ್ನು ಚರ್ಮವೈದ್ಯರಿಗೆ ತೋರಿಸಬೇಕು.