ಲಾಲ್‌ಬಾಗಿನಲ್ಲಿ ಪುಟ್ಟ ಮಕ್ಕಳ ಜೊತೆ ಎರಡು ಗಂಟೆ

ನಾಲ್ಕೈದು ವರ್ಷದ ಮಕ್ಕಳನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋದರೆ ನಾನು ಇಡೀ 240 ಎಕರೆ ಸುತ್ತಿಸುವುದಿಲ್ಲ. ಒಂದು ಮರ, ಕೆಂಪೇಗೌಡ ಗೋಪುರದ ಬಂಡೆ, ಒಂದಿಷ್ಟು ಒಣಮಣ್ಣು, ಅಷ್ಟು ಸಾಕು. ತಿಂಗಳಿಗೆರಡು ಸಲ ಅದೇ ಜಾಗಕ್ಕೆ ಹೋಗಬೇಕು. ಹೋದ ಸಲ ಕೆಂಪು ಚಿಗುರಾಗಿದ್ದದ್ದು ಈಗ ಹಸಿರೆಲೆ ಆಗಿದೆ ಅಂತ ಮಗುವೇ ಕಂಡುಹಿಡಿಯಬೇಕಾದರೆ ಮರ ಬದಲಾಗಬಾರದು.

ಬೆಳಿಗ್ಗೆ 6:30ಕ್ಕೆ ತಲುಪಿ 8:30ಕ್ಕೆ ಹೊರಡುವುದು. ಆಮೇಲೆ ಬಂಡೆ ಕಾಯುತ್ತದೆ, ಮಕ್ಕಳೂ ರಗಳೆ ಶುರು ಮಾಡುತ್ತಾರೆ. ಹಸಿವು ಅನ್ನುವ ಮೊದಲೇ, ಮುಕ್ಕಾಲು ಗಂಟೆಗೊಮ್ಮೆ ಬಾಳೆಹಣ್ಣೋ ಚಪಾತಿಯೋ ಕೊಡಿ. ಚೀಲದಲ್ಲಿ ನೀರು, ಹಳೇ ಬೆಡ್‌ಶೀಟು, ಸೆಲ್ಲೋಟೇಪು, ಮೂರು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ. ಬಿಸಿಲಿದ್ದರೆ ಭೂತಗನ್ನಡಿ ದೊಡ್ಡವರ ಕೈಯಲ್ಲೇ ಇರಲಿ, ಚರ್ಮ ಸುಡುತ್ತದೆ. ದೊಡ್ಡವರ ಬೈನಾಕ್ಯುಲರ್ ಬೇಡ. ಅದರ ಎರಡು ಕೊಳವೆಗಳು ಮಗುವಿನ ಕಣ್ಣುಗಳಷ್ಟು ಹತ್ತಿರ ಬರುವುದಿಲ್ಲ, ಕಾಣುವುದು ಬರೀ ಕಪ್ಪು.

ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದಿರುವುದು ಮಣ್ಣಿನಲ್ಲಿ ಗುಳಿ ತೋಡಿ ಇರುವೆಗೆ ಕಾಯುವ ಹುಳು. ಮಳೆ ತಾಗದ ಮರೆಯಲ್ಲಿ, ರವೆಯಂಥ ಪುಡಿಮಣ್ಣಿನಲ್ಲಿ, ಆಲಿಕೆಯ ಆಕಾರದ ಗುಳಿಗಳಿರುತ್ತವೆ. ಅಗಲ ಎರಡು ಮೂರು ಸೆಂಟಿಮೀಟರ್. ಜೋರು ಮಳೆಯಾದರೆ ಅಳಿಸಿಹೋಗುತ್ತವೆ, ಹಾಗಾಗಿ ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಮಗುವನ್ನು ಹೊಟ್ಟೆಯ ಮೇಲೆ ಮಲಗಿಸಿ. ಒಣಹುಲ್ಲಿನ ತುದಿಯಿಂದ ಗುಳಿಯ ಅಂಚಿನ ನಾಲ್ಕು ಕಾಳು ಮರಳು ಉದುರಿಸಿ. ತಳದಲ್ಲಿ ಅಡಗಿರುವ ಹುಳು ತಲೆಯಿಂದ ಚಟ್ಟಂತ ಮರಳನ್ನು ಮೇಲಕ್ಕೆ ಎರಚುತ್ತದೆ. ಒಂದು ಗುಳಿಗೆ ಎರಡೇ ಸಲ, ಆಮೇಲೆ ಬಿಟ್ಟುಬಿಡಬೇಕು. ಇರುವೆ ಹಿಡಿದು ಹಾಕಬೇಡಿ, ತಾನಾಗಿ ಬಿದ್ದರೆ ನೋಡಿ.

‘ಇದೇನು?’ ಅಂದ ತಕ್ಷಣ ಹೆಸರು ಹೇಳುವುದು ನಾವೆಲ್ಲ ಮಾಡುವ ತಪ್ಪು. ಹೆಸರು ಸಿಕ್ಕರೆ ಮಗು ನೋಡುವುದನ್ನು ನಿಲ್ಲಿಸುತ್ತದೆ. ‘ಕಾಲು ಎಷ್ಟಿವೆ ಪುಟ್ಟಾ? ಯಾವ ಕಡೆ ಹೋಗ್ತಿದೆ?’ ಅನ್ನಿ, ಹೆಸರು ಮನೆಗೆ ಹೋಗುವಾಗ ಹೇಳಿದರಾಯಿತು. ಬಂಡೆಗೆ 300 ಕೋಟಿ ವರ್ಷ ಅನ್ನುವುದೂ ಹಾಗೇ, ಆ ವಯಸ್ಸಿಗೆ ಅದು ಬರೀ ಸದ್ದು. ಕಲ್ಲಿನಲ್ಲಿ ಓಡುವ ಬಿಳಿ-ಕಪ್ಪು ಪಟ್ಟೆಯ ಮೇಲೆ ಬೆರಳು ಓಡಿಸಲಿ. ಇನ್ನು, ಜೊತೆಗಿರುವ ದೊಡ್ಡವರು ಒಮ್ಮೆ ‘ಛೀ, ಹುಳ!’ ಅಂದರೆ ತಿಂಗಳ ಶ್ರಮ ಮಣ್ಣುಪಾಲು. ಹೊರಡುವ ಮೊದಲೇ ಅಜ್ಜಿ-ತಾತನಿಗೂ ಹೇಳಿಡಿ.

ಮಾವಿನ ಮರದಡಿ ಕೂರುವ ಮುಂಚೆ ತಲೆಯೆತ್ತಿ ನೋಡಿ. ಎಲೆಗಳು ಉಂಡೆಯಾಗಿ ಹೊಲಿದಂತಿದ್ದರೆ ಅದು ಚಿಗಳಿ ಇರುವೆಯ ಗೂಡು, ಕಡಿತ ಜೋರು. ಕಂಬಳಿಹುಳು ತಾಗಿದರೆ ಉಜ್ಜಬೇಡಿ, ಸೆಲ್ಲೋಟೇಪು ಅಂಟಿಸಿ ಕಿತ್ತರೆ ರೋಮ ಬರುತ್ತದೆ, ಆಮೇಲೆ ಸೋಪು ನೀರು. ಕಾಂಗ್ರೆಸ್ ಗಿಡ ಕೀಳಲು ಬಿಡಬೇಡಿ, ಕೆಲವರಿಗೆ ತುರಿಕೆಯೇಳುತ್ತದೆ.

ಗಿಡದಿಂದ ಏನನ್ನೂ ಕೀಳುವ ಹಾಗಿಲ್ಲ. ಉದುರಿದ್ದರಲ್ಲಿ ಒಂದನ್ನು ಹಿಡಿದು ನೋಡಿ, ಹೊರಡುವಾಗ ಅಲ್ಲೇ ಇಟ್ಟು ಬರಬೇಕು. ಎಲ್ಲೇ ಆಗಲಿ ಕಪ್ಪು ಚುಕ್ಕೆಯ ಕೆಂಪು ಗುಲಗಂಜಿ ಸಿಕ್ಕರೆ ಮಾತ್ರ ಮಗುವಿನ ಕೈಗೆ ಕೊಡಬೇಡಿ, ಅಗಿದರೆ ಕಡು ವಿಷ.